ಮುಂಬಯಿಯಲ್ಲಿ ಕೂತು ಕನ್ನಡ-ತುಳು ಸ್ಟ್ರೀಮಿಂಗ್ ಕಂಪನಿ ನಡೆಸುವುದು ಹೇಗೆ

ಮುಂಬಯಿಯಲ್ಲಿ ಕನ್ನಡ, ತುಳು ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಷ್ಟು ಹಳೆಯದು. ಕರ್ನಾಟಕ ಸಂಘದಲ್ಲಿ ನಾಟಕ, ಕುರ್ಲಾದ ಬಂಟರ ಸಂಘದಲ್ಲಿ ಸಮಾರಂಭ, ತಿರುಗಾಟದ ಕೊನೆಯ ದಿನವಾದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಊರಿನ ಕಲಾವಿದರ ಯಕ್ಷಗಾನ. ಇವನ್ನೆಲ್ಲ ಚಿತ್ರೀಕರಿಸಿ, ಚಂದಾ ಪಡೆದು ಆನ್‌ಲೈನಿನಲ್ಲಿ ತೋರಿಸುವ ಮೂರು-ನಾಲ್ಕು ಜನರ ಕಂಪನಿ ಕಟ್ಟಬೇಕೆಂದಿರುವವರಿಗೆ ಈ ಬರಹ.

ಇಂಥ ಕಂಪನಿಗಳು ಎಡವುವುದು ಬಹುಮಟ್ಟಿಗೆ ಒಂದೇ ಕಡೆ. ಸೇರಿದವರನ್ನು ಎಣಿಸುತ್ತಾರೆ, ಬಿಟ್ಟುಹೋದವರನ್ನು ಎಣಿಸುವುದಿಲ್ಲ. ಬೆಲೆ ಎಷ್ಟಿರಬೇಕು, ಚಿತ್ರದ ಗುಣಮಟ್ಟ ಹೇಗಿರಬೇಕು, ಯಾವ ವಾರ ಏನು ಬಿಡಬೇಕು ಎಂಬ ಮೂರನ್ನೂ ತೀರ್ಮಾನಿಸಬೇಕಾದದ್ದು ಎಷ್ಟು ಜನ ಉಳಿದರು ಎಂಬುದನ್ನು ನೋಡಿ.

ಆ್ಯಪ್‌ಗೆ ಅವಸರ ಬೇಡ

ಕೈಯಲ್ಲಿದ್ದ ಬಂಡವಾಳವನ್ನೆಲ್ಲ ಆ್ಯಪ್‌ಗೆ ಸುರಿದು, ಕಾರ್ಯಕ್ರಮ ಕೊಳ್ಳಲು ದುಡ್ಡಿಲ್ಲದೆ ಕೂರುವುದು ದೊಡ್ಡ ತಪ್ಪು. ಮೊದಲ ಆರು ತಿಂಗಳು ಯೂಟ್ಯೂಬ್ ಸಾಕು. 500 ಚಂದಾದಾರರು (ಇವರು ಹಣ ಕೊಡದ ಸಬ್‌ಸ್ಕ್ರೈಬರ್‌ಗಳು), 90 ದಿನಗಳಲ್ಲಿ 3 ಸಾರ್ವಜನಿಕ ವಿಡಿಯೋ, 12 ತಿಂಗಳಲ್ಲಿ 3,000 ಗಂಟೆ ವೀಕ್ಷಣೆ ಆದರೆ ಅಲ್ಲಿ ಸದಸ್ಯತ್ವ ಮಾರಬಹುದು. ಅದರಲ್ಲಿ 70% ನಿಮ್ಮದು. ಜಾಹೀರಾತಿನ ಪಾಲು ಬೇಕಿದ್ದರೆ 1,000 ಚಂದಾದಾರರು, 4,000 ಗಂಟೆ ಆಗಬೇಕು. ಆಗ ಉದ್ದ ವಿಡಿಯೋಗಳ ಜಾಹೀರಾತು ಆದಾಯದ 55% ಸಿಗುತ್ತದೆ.

ಈ ಹಣದಿಂದ ಹೊಟ್ಟೆ ತುಂಬುವುದಿಲ್ಲ. ಇಲ್ಲಿ ಸಿಗುವ ಮಾಹಿತಿಯೇ ದೊಡ್ಡ ಗಳಿಕೆ. ನೋಡುಗರು ಡೊಂಬಿವಲಿಯಲ್ಲಿದ್ದಾರೋ, ಉಡುಪಿಯಲ್ಲೋ, ಕೊಲ್ಲಿ ದೇಶಗಳಲ್ಲೋ. ಎರಡೂವರೆ ಗಂಟೆಯ ನಾಟಕವನ್ನು ಯಾವ ದೃಶ್ಯಕ್ಕೆ ಬಿಟ್ಟು ಏಳುತ್ತಾರೆ. ಫೋನಿನಲ್ಲಿ ನೋಡುತ್ತಾರೋ ಟಿವಿಯಲ್ಲೋ. ಊರಿನ ಮಟ್ಟದ ವಿವರ ಒರಟಾಗಿರುತ್ತದೆ, ದೇಶ ಮತ್ತು ಸಾಧನದ ವಿವರವನ್ನು ನಂಬಬಹುದು. ಅರ್ಧಕ್ಕಿಂತ ಹೆಚ್ಚು ವೀಕ್ಷಣೆ ಟಿವಿಯಲ್ಲಿದ್ದರೆ ಮುಂದೆ ಮೊದಲು ಕಟ್ಟಬೇಕಾದದ್ದು ಆಂಡ್ರಾಯ್ಡ್ ಟಿವಿ ಆ್ಯಪ್. ಮನೆಯ ಹಿರಿಯರು ಯಕ್ಷಗಾನವನ್ನು ಆರು ಇಂಚಿನ ಪರದೆಯಲ್ಲಿ ನೋಡುವವರಲ್ಲ.

ಹಕ್ಕುಪತ್ರ

ಕಂಪನಿಯ ಆಸ್ತಿಯೆಂದರೆ ಹಕ್ಕುಗಳು. ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿರಲೇಬೇಕು. ಅದೇ ಕಲಮಿನ ಮೂರು ಉಪಕಲಮುಗಳನ್ನು ಕಣ್ಣಿಗೆ ಬೀಳುವಂತೆ ಗೋಡೆಗೆ ಅಂಟಿಸಿಕೊಳ್ಳಿ. ಅವಧಿ ಬರೆಯದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ, ಅಂದರೆ ದುಬೈಯ ನೋಡುಗನಿಗೆ ತೋರಿಸುವಂತಿಲ್ಲ. ಬೇರೆ ರೀತಿ ಬರೆದಿರದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಬಿಟ್ಟರೆ ಅದು ರದ್ದಾಗುತ್ತದೆ. ಹತ್ತು ನಾಟಕಗಳನ್ನು ಒಟ್ಟಿಗೆ ಬರೆಸಿಕೊಂಡು, ನಾಲ್ಕನ್ನು ಬಿಡುಗಡೆ ಮಾಡಿ, ಉಳಿದವನ್ನು ಮುಂದಿನ ವರ್ಷಕ್ಕೆ ಎತ್ತಿಟ್ಟುಕೊಳ್ಳುವವರು ಸಿಕ್ಕಿಬೀಳುವುದು ಈ ಕೊನೆಯದರಲ್ಲಿ.

ಒಂದು ನಾಟಕಕ್ಕೆ ಒಂದೇ ಸಹಿ ಸಾಲದು. ನಾಟಕಕಾರರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುವುದರಿಂದ ವಾರಸುದಾರರನ್ನು ಹುಡುಕಬೇಕಾಗುತ್ತದೆ. ಅನುವಾದವಾಗಿದ್ದರೆ ಮೂಲ ಲೇಖಕ, ಅನುವಾದಕ ಇಬ್ಬರೂ ಬೇಕು. ನಟರಿಗೆ, ಭಾಗವತರಿಗೆ, ಹಿಮ್ಮೇಳದವರಿಗೆ ಪ್ರದರ್ಶಕರ ಹಕ್ಕಿದೆ. ಚಿತ್ರೀಕರಣಕ್ಕೂ ಆನ್‌ಲೈನ್ ಪ್ರಸಾರಕ್ಕೂ ಒಬ್ಬೊಬ್ಬರಿಂದಲೂ ಒಂದು ಪುಟದ ಒಪ್ಪಿಗೆ ಬರೆಸಿಕೊಳ್ಳಿ. ಮೇಳದ ಯಜಮಾನರ ಸಹಿಯೊಂದರಿಂದ ಇವರೆಲ್ಲರ ಒಪ್ಪಿಗೆ ಸಿಕ್ಕಿದಂತಾಗುವುದಿಲ್ಲ. ಈ ಕೆಲಸವನ್ನು ಪ್ರದರ್ಶನದ ಸಂಜೆ ಚೌಕಿಯಲ್ಲಿ, ಬಣ್ಣ ಹಚ್ಚುವ ಮೊದಲೇ ಮುಗಿಸಿ. ಆಮೇಲೆ ಎಲ್ಲರೂ ಬಸ್ಸು ಹತ್ತಿರುತ್ತಾರೆ.

ನಾಟಕದ ನಡುವೆ ಸಿನಿಮಾ ಹಾಡು ಬಂದರೆ ಜಾಗ್ರತೆ. ಸಾಹಿತ್ಯ ಮತ್ತು ಸಂಗೀತದ ರಾಯಧನಕ್ಕೆ ಅಂಧೇರಿಯಲ್ಲಿ ಕಚೇರಿ ಇರುವ ಐಪಿಆರ್‌ಎಸ್ ಎಂಬ ಸಂಸ್ಥೆ ಇದೆ, ಧ್ವನಿಮುದ್ರಣದ ಹಕ್ಕು ಮ್ಯೂಸಿಕ್ ಕಂಪನಿಯದು, ದೃಶ್ಯಕ್ಕೆ ಹಾಡು ಜೋಡಿಸುವ ಅನುಮತಿ ಮತ್ತೂ ಬೇರೆ. ಹದಿನೈದು ಸೆಕೆಂಡಿನ ಹಾಡಿಗಾಗಿ ಇಷ್ಟು ಅಲೆಯುವುದಕ್ಕಿಂತ ಅಭ್ಯಾಸದ ಹಂತದಲ್ಲೇ ನಿರ್ದೇಶಕರೊಡನೆ ಮಾತಾಡಿ ಅಲ್ಲಿಗೆ ಸ್ವಂತ ಸಂಗೀತ ಹಾಕಿಸುವುದು ಅಗ್ಗ.

ಬೆಲೆಯ ಲೆಕ್ಕ

ಬೆಲೆ ಇಡುವಾಗ ಜನ ನಿಮ್ಮನ್ನು ಯಾರ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತಾರೆಂದು ತಿಳಿದಿರಲಿ. ನೆಟ್‌ಫ್ಲಿಕ್ಸ್ ಮೊಬೈಲಿಗೆ ಮಾತ್ರ ಎಂದು 2019ರಲ್ಲಿ 199 ರೂಪಾಯಿಯ ಯೋಜನೆ ತಂದು, 2021ರ ಡಿಸೆಂಬರಿನಲ್ಲಿ ಅದನ್ನು 149ಕ್ಕೆ ಇಳಿಸಿತು. ಒಂದೇ ಭಾಷೆಯನ್ನು ನಂಬಿ ಹೊರಟ ಬಂಗಾಳಿಯ ಹೊಯ್‌ಚೊಯ್ (2017), ತೆಲುಗಿನ ಆಹಾ (2020) ಮುಂತಾದವುಗಳಿಗೂ ವಾರ್ಷಿಕ ಚಂದಾ ಮುಖ್ಯ ಆಧಾರ. ಸಣ್ಣವರಿಗೆ ಅದು ಇನ್ನೂ ಮುಖ್ಯ. ಯಾಕೆಂದು ಲೆಕ್ಕ ಹಾಕಿ ನೋಡೋಣ.

ತಿಂಗಳಿಗೆ 99 ರೂ. ಇಟ್ಟಿರಿ ಎನ್ನಿ. 18% ಜಿಎಸ್‌ಟಿ ಅದರೊಳಗೇ ಇರುವುದರಿಂದ 1.18ರಿಂದ ಭಾಗಿಸಿದರೆ ಕೈಗೆ ಬರುವುದು 83.90. ಪೇಮೆಂಟ್ ಗೇಟ್‌ವೇಗೆ 2% ಹೋದರೆ ಸುಮಾರು 82. ತಿಂಗಳಿಗೆ ನೂರಕ್ಕೆ ಇಪ್ಪತ್ತು ಜನ ಬಿಡುತ್ತಿದ್ದರೆ ಒಬ್ಬ ಗ್ರಾಹಕ ಸರಾಸರಿ 5 ತಿಂಗಳು ಇರುತ್ತಾನೆ (1ನ್ನು 0.20ರಿಂದ ಭಾಗಿಸಿ). ಅವನಿಂದ ಒಟ್ಟು ಬರುವುದು 410 ರೂ. ಅದರ ಬದಲು ವರ್ಷಕ್ಕೆ 499 ರೂ. ಎಂದರೆ ತೆರಿಗೆ, ಗೇಟ್‌ವೇ ಕಳೆದು 413 ಮೊದಲ ದಿನವೇ ಬರುತ್ತದೆ. ಮೊತ್ತ ಹೆಚ್ಚುಕಡಿಮೆ ಒಂದೇ. ಆದರೆ ಪ್ರತಿ ತಿಂಗಳೂ ಗ್ರಾಹಕನನ್ನು ಮತ್ತೆ ಒಪ್ಪಿಸುವ ಖರ್ಚಿಲ್ಲ, ಮುಂದಿನ ಚಿತ್ರೀಕರಣಕ್ಕೆ ದುಡ್ಡು ಕೈಯಲ್ಲಿರುತ್ತದೆ. ತಿಂಗಳಿಗೆ ಬಿಡುವವರು 10%ಕ್ಕೆ ಇಳಿದರೆ ಲೆಕ್ಕ ತಿರುಗುತ್ತದೆ, ಆಗ ತಿಂಗಳ ಚಂದಾದಿಂದಲೇ 820 ಬರುತ್ತದೆ. ಆದ್ದರಿಂದ ಮೊದಲ ವರ್ಷ ವಾರ್ಷಿಕವನ್ನು ಮುಂದಿಡಿ, ಬಿಡುವವರ ಪ್ರಮಾಣ ತಿಳಿದ ಮೇಲೆ ತಿಂಗಳ ಯೋಜನೆಗೆ ಜಾಗ ಕೊಡಿ.

ವಾರ್ಷಿಕ ಚಂದಾದಲ್ಲಿ ಒಂದು ಅಪಾಯವಿದೆ. ಜುಲೈಯಲ್ಲಿ ಬಂದ 413 ರೂಪಾಯಿ ಜುಲೈಯ ಆದಾಯವಲ್ಲ; ತಿಂಗಳಿಗೆ 34.40ರಂತೆ ಹನ್ನೆರಡು ತಿಂಗಳಿಗೆ ಹಂಚಿ ಬರೆಯಿರಿ. ಹಾಗೆ ಮಾಡದವರು ಮೊದಲ ಮಳೆಗಾಲದಲ್ಲಿ ಶ್ರೀಮಂತರಾದೆವೆಂದುಕೊಂಡು ಜನರನ್ನು ನೇಮಿಸಿಕೊಳ್ಳುತ್ತಾರೆ, ಫೆಬ್ರವರಿಯಲ್ಲಿ ಸಂಬಳಕ್ಕೆ ಪರದಾಡುತ್ತಾರೆ.

ಹಣವನ್ನು ಆದಷ್ಟು ನಿಮ್ಮ ವೆಬ್‌ಸೈಟಿನಲ್ಲೇ ಯುಪಿಐ ಮೂಲಕ ಪಡೆಯಿರಿ. ಆ್ಯಪ್ ಸ್ಟೋರ್‌ನೊಳಗೆ ಪಾವತಿಯಾದರೆ ಚಿಕ್ಕ ಕಂಪನಿಗಳಿಂದಲೂ ಸಾಮಾನ್ಯವಾಗಿ 15% ಕಮಿಷನ್ ಹಿಡಿಯುತ್ತಾರೆ. ತೆರಿಗೆಯೂ ಕಳೆದು 499ರಲ್ಲಿ ನಿಮಗೆ ಉಳಿಯುವುದು 359. ಸಂಘದ ಸಭಾಂಗಣದಲ್ಲಿ ಕಾರ್ಯಕ್ರಮ ಮುಗಿದು ಜನ ಹೊರಬರುವ ಬಾಗಿಲಲ್ಲಿ ಕ್ಯೂಆರ್ ಫಲಕ ಹಿಡಿದು ಒಬ್ಬರು ನಿಂತರೆ, ಅಲ್ಲಿ ಸೇರುವ ಪ್ರತಿಯೊಬ್ಬರ ಮೇಲೂ 50 ರೂಪಾಯಿಗೂ ಹೆಚ್ಚು ಉಳಿತಾಯ. ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಮಕ್ಕಳು ಕೊಡಿಸುವ ಉಡುಗೊರೆ ಚಂದಾ ಎಂಬ ಆಯ್ಕೆಯನ್ನೂ ಅದೇ ಪುಟದಲ್ಲಿಡಿ. ಹಣ ಕೊಡುವವರ ಫೋನ್ ನಂಬರ್ ಬೇರೆ, ನೋಡುವವರದು ಬೇರೆ ಇರಲು ಅವಕಾಶವಿರಬೇಕು.

ಚಿತ್ರೀಕರಣ, ಬಿಟ್‌ರೇಟ್

ಭಾರತದ ವಿದ್ಯುತ್ 50 ಹರ್ಟ್ಸ್. ಹಾಗಾಗಿ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್, ಶಟರ್ 1/50ರಲ್ಲಿರಲಿ. ಇಲ್ಲದಿದ್ದರೆ ಸಭಾಂಗಣದ ದೀಪಗಳು ಪರದೆಯ ಮೇಲೆ ಮಿಣುಕುತ್ತವೆ. ಮೂರು ಕ್ಯಾಮೆರಾ ಸಾಕು. ಒಂದು ಇಡೀ ರಂಗವನ್ನು ಅಲುಗಾಡದೆ ಹಿಡಿದಿರಲಿ, ಒಂದು ಮುಖಗಳ ಮೇಲೆ, ಒಂದು ಬದಿಯಿಂದ. 50 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 50 ಮೆಗಾಬಿಟ್) ಮುದ್ರಿಸಿದರೆ ಕ್ಯಾಮೆರಾವೊಂದಕ್ಕೆ ಗಂಟೆಗೆ 22.5 ಜಿಬಿ, ಮೂರು ಗಂಟೆಯ ಪ್ರದರ್ಶನಕ್ಕೆ ಮೂರೂ ಸೇರಿ ಸುಮಾರು 200 ಜಿಬಿ. ಅದೇ ರಾತ್ರಿ ಎರಡು ಡಿಸ್ಕಿಗೆ ಪ್ರತಿ ಮಾಡಿ, ಎರಡನ್ನೂ ಒಂದೇ ಮನೆಯಲ್ಲಿಡಬೇಡಿ.

ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದುಹೋಗುತ್ತಾರೆ. ಭಾಗವತರ ಮೈಕು ಬೇರೆ ಟ್ರ್ಯಾಕ್‌ನಲ್ಲಿ ಬರಲಿ. ಚೆಂಡೆಯ ಪೆಟ್ಟು ಮಿಕ್ಸರ್ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಮೊದಲೇ ಬಾರಿಸಿಸಿ ನೋಡಿ. ಒಮ್ಮೆ ಒಡೆದ ಧ್ವನಿಯನ್ನು ಆಮೇಲೆ ಸರಿಪಡಿಸಲಾಗದು.

ಇನ್ನು ಲಾಭನಷ್ಟವನ್ನು ನೇರವಾಗಿ ಅಲುಗಾಡಿಸುವ ವಿಷಯ, ಬಿಟ್‌ರೇಟ್, ಅಂದರೆ ವಿಡಿಯೋದ ಪ್ರತಿ ಸೆಕೆಂಡಿಗೆ ಸಾಗುವ ಡೇಟಾದ ಪ್ರಮಾಣ. 1 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ನೋಡಿದರೆ 0.45 ಜಿಬಿ ಸಾಗುತ್ತದೆ. ಚಂದಾದಾರ ತಿಂಗಳಿಗೆ 10 ಗಂಟೆ ನೋಡುತ್ತಾನೆ, ವಿಡಿಯೋವನ್ನು ನೋಡುಗರಿಗೆ ತಲುಪಿಸುವ ಸರ್ವರ್ ಜಾಲಕ್ಕೆ (ಸಿಡಿಎನ್) ಜಿಬಿಗೆ 2 ರೂ. ಕೊಡುತ್ತೀರಿ, ಸಂಬಳ, ಬಾಡಿಗೆ, ಕಾರ್ಯಕ್ರಮದ ವೆಚ್ಚ ಸೇರಿ ತಿಂಗಳಿಗೆ 3 ಲಕ್ಷ ಖರ್ಚು ಎಂದಿಟ್ಟುಕೊಳ್ಳಿ. ಸರಾಸರಿ 1.5 ಎಂಬಿಪಿಎಸ್ ಆದರೆ ತಲೆಗೆ 13.50 ರೂ. ಹೋಗಿ, ವಾರ್ಷಿಕ ಚಂದಾದ ತಿಂಗಳ ಪಾಲಾದ 34.40ರಲ್ಲಿ 20.90 ಉಳಿಯುತ್ತದೆ, ಖರ್ಚು ಸರಿತೂಗಲು ಸುಮಾರು 14,350 ಚಂದಾದಾರರು ಬೇಕು. ಸರಾಸರಿಯನ್ನು 1 ಎಂಬಿಪಿಎಸ್‌ಗೆ ಇಳಿಸಿದರೆ ತಲೆಗೆ 9 ರೂ., ಆಗ 11,800 ಜನ ಸಾಕು. ಹೊಸ 2,500 ಜನರನ್ನು ಸೇರಿಸುವಷ್ಟು ಕೆಲಸವನ್ನು ಎನ್‌ಕೋಡಿಂಗ್ (ವಿಡಿಯೋವನ್ನು ಕುಗ್ಗಿಸುವ ಕೆಲಸ) ಕೂತಲ್ಲೇ ಮಾಡಿಕೊಡುತ್ತದೆ.

ಹಾಗೆಂದು ಎಲ್ಲಕ್ಕೂ ಒಂದೇ ಕತ್ತರಿ ಹಾಕಬೇಡಿ. ತಾಳಮದ್ದಳೆ, ಉಪನ್ಯಾಸ, ಕೂತು ಮಾತಾಡುವ ನಾಟಕಗಳಲ್ಲಿ ಚಲನೆ ಕಡಿಮೆ, 480ಪಿಗೆ 700 ಕೆಬಿಪಿಎಸ್ (0.7 ಎಂಬಿಪಿಎಸ್) ಸಾಕಾಗುತ್ತದೆ. ಯಕ್ಷಗಾನದ ಧೀಂಗಿಣದಲ್ಲಿ ಕೆಂಪು ಬಟ್ಟೆ, ಚಿನ್ನದ ಬಣ್ಣ, ವೇಗದ ಸುತ್ತು ಎಲ್ಲ ಸೇರಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ; ಅದಕ್ಕೆ 720ಪಿಯಲ್ಲಿ 3,000 ಕೆಬಿಪಿಎಸ್ ಕೊಡಿ. ಮಾತಿನ ಕಾರ್ಯಕ್ರಮದಲ್ಲಿ ಉಳಿಸಿದ್ದನ್ನು ಕುಣಿತಕ್ಕೆ ಖರ್ಚು ಮಾಡುವುದು ನ್ಯಾಯ. ಪ್ರಸಾರಕ್ಕೆಂದು ವಿಡಿಯೋವನ್ನು ಕತ್ತರಿಸುವ ತುಂಡುಗಳು 6 ಸೆಕೆಂಡ್, ಕೀಫ್ರೇಮ್ (ಇಡಿಯಾಗಿ ಉಳಿಸುವ ಚಿತ್ರ) 2 ಸೆಕೆಂಡಿಗೊಮ್ಮೆ ಇರಲಿ. ಲೋಕಲ್ ರೈಲಿನಲ್ಲಿ ನೋಡುವವರಿಗೆ 240ಪಿ, 300 ಕೆಬಿಪಿಎಸ್‌ನ ಒಂದು ಕೆಳಗಿನ ಗುಣಮಟ್ಟದ ಆವೃತ್ತಿ ಕಡ್ಡಾಯ.

ನೇರ ಪ್ರಸಾರಕ್ಕೆ ಸಭಾಂಗಣದ ವೈಫೈ ನಂಬಬೇಡಿ. ಜನ ತುಂಬಿದ ಕೂಡಲೇ ಅದು ಕುಸಿಯುತ್ತದೆ. 4 ಎಂಬಿಪಿಎಸ್ ಪ್ರಸಾರಕ್ಕೆ 8 ಎಂಬಿಪಿಎಸ್ ಅಪ್‌ಲೋಡ್ ಇರುವ, ಎರಡು ಬೇರೆ ಕಂಪನಿಗಳ ಸಿಮ್ ಬಳಸಿ, ಯುಪಿಎಸ್ ಜೊತೆಗಿರಲಿ.

ನಿಯಮಗಳು

2021ರ ಐಟಿ ನಿಯಮಗಳು ಸಣ್ಣವರಿಗೂ ಅನ್ವಯಿಸುತ್ತವೆ. ಪ್ರತಿ ಕಾರ್ಯಕ್ರಮಕ್ಕೂ ಯು, ಯು/ಎ 7+, 13+, 16+ ಅಥವಾ ಎ ವರ್ಗ ತೋರಿಸಬೇಕು, 13+ ಮತ್ತು ಮೇಲಿನದಕ್ಕೆ ಪೋಷಕರ ಲಾಕ್ ಬೇಕು. ಭಾರತದಲ್ಲಿರುವ ಕುಂದುಕೊರತೆ ಅಧಿಕಾರಿಯ ಹೆಸರು ವೆಬ್‌ಸೈಟಿನಲ್ಲಿರಲಿ. ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಿ, 15 ದಿನದೊಳಗೆ ತೀರ್ಮಾನಿಸಬೇಕು. ಪಾತ್ರವೊಂದು ಬೀಡಿ ಸೇದಿದರೂ 2023ರ ಸೆಪ್ಟೆಂಬರಿನಿಂದ ಜಾರಿಯಾದ ತಂಬಾಕು ನಿಯಮ ಬರುತ್ತದೆ: ಆರಂಭದಲ್ಲಿ ಮತ್ತು ನಡುವೆ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ, 20 ಸೆಕೆಂಡಿನ ಎಚ್ಚರಿಕೆ, ಸೇದುವ ದೃಶ್ಯದ ಕೆಳಗೆ ಬರಹ. ಹಳೆಯ ನಾಟಕಗಳ ಮುದ್ರಿಕೆಯಲ್ಲಿ ಇದನ್ನು ಮರೆಯುವುದೇ ಹೆಚ್ಚು.

ಉಳಿಸಿಕೊಳ್ಳುವುದು

ಕನಿಷ್ಠ ಎಂಟು ವಾರಗಳ ದಾಸ್ತಾನು ಇಲ್ಲದೆ ಚಂದಾ ಮಾರಬೇಡಿ. ವಾರಕ್ಕೊಂದು ಹೊಸದು, ಒಂದೇ ದಿನ, ಒಂದೇ ಹೊತ್ತಿಗೆ, ಉದಾಹರಣೆಗೆ ಶನಿವಾರ ರಾತ್ರಿ 8ಕ್ಕೆ. ಮಳೆಗಾಲದಲ್ಲಿ ಯಕ್ಷಗಾನ ಯಥೇಚ್ಛವಾಗಿ ಸಿಗುವಾಗ ಎಲ್ಲವನ್ನೂ ಒಮ್ಮೆಲೇ ಬಿಟ್ಟು ಖಾಲಿಯಾಗುವುದು ಇಲ್ಲಿನ ವಿಶೇಷ ಅಪಾಯ; ಆಗ ಚಿತ್ರೀಕರಿಸಿದ್ದರಲ್ಲಿ ಅರ್ಧವನ್ನು ಜನವರಿ-ಏಪ್ರಿಲ್‌ಗೆ ಕಾದಿಡಿ, ಒಂದು ವರ್ಷದ ಷರತ್ತನ್ನು ಮಾತ್ರ ನೆನಪಿಟ್ಟುಕೊಂಡು.

ಪ್ರತಿ ಸೋಮವಾರ ಒಂದು ಕೋಷ್ಟಕ ತುಂಬಿ. ಅಡ್ಡ ಸಾಲಿನಲ್ಲಿ ಸೇರಿದ ತಿಂಗಳು. ಮುಂದಿನ ಮನೆಗಳಲ್ಲಿ ಎರಡನೆಯ, ಮೂರನೆಯ, ಆರನೆಯ ತಿಂಗಳಲ್ಲಿ ಅವರಲ್ಲಿ ಎಷ್ಟು ಜನ ಒಂದು ಗಂಟೆಯಾದರೂ ನೋಡಿದರು. ವಾರ್ಷಿಕ ಚಂದಾದಾರ ಮೌನವಾಗಿ ನಿಂತಿರುತ್ತಾನೆ, ಬಿಡುವುದು ವರ್ಷದ ಕೊನೆಗೆ. ಈ ಕೋಷ್ಟಕವಿಲ್ಲದೆ ಅದು ಮೊದಲೇ ಗೊತ್ತಾಗುವುದಿಲ್ಲ. ಸೇರಿದ ಏಳು ದಿನಗಳಲ್ಲಿ ಏನೂ ನೋಡದವರಿಗೆ ಫೋನ್ ಮಾಡಿ, ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿ. ಅವರಲ್ಲಿ ಹೆಚ್ಚಿನವರಿಗೆ ಟಿವಿಯಲ್ಲಿ ಲಾಗಿನ್ ಆಗಲು ಬಂದಿರುವುದಿಲ್ಲ, ಅಷ್ಟೆ.

ಸ್ವಯಂ ನವೀಕರಣಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗುತ್ತದೆ. ಅದೇ ಮೊದಲ ನೆನಪಾದರೆ ಜನ ರದ್ದು ಮಾಡುತ್ತಾರೆ. ಹತ್ತು ದಿನ ಮೊದಲೇ, ಅವರು ಆ ವರ್ಷ ನೋಡಿದ ಪ್ರಸಂಗಗಳನ್ನೂ ಬರಲಿರುವ ಮೂರು ಹೊಸ ಕಾರ್ಯಕ್ರಮಗಳನ್ನೂ ತಿಳಿಸುವ ಸಂದೇಶ ಕಳಿಸಿ. ಖಾತೆಯಲ್ಲಿ ಹಣವಿಲ್ಲದೆ ಪಾವತಿ ತಪ್ಪಿದರೆ ಕೂಡಲೇ ಬಾಗಿಲು ಹಾಕಬೇಡಿ. ಸಂಬಳದ ದಿನ ದಾಟುವವರೆಗೆ ನೋಡಲು ಬಿಟ್ಟು ಮತ್ತೆ ಕೇಳಿ.

ಮೂರು-ನಾಲ್ಕು ಸಾವಿರ ಚಂದಾದಾರರಾದ ಮೇಲೆ ಕೇಬಲ್, ಬ್ರಾಡ್‌ಬ್ಯಾಂಡ್ ಕಂಪನಿಗಳು ತಮ್ಮ ಪ್ಯಾಕಿನಲ್ಲಿ ಸೇರಿಸಿಕೊಳ್ಳಲು ಕೇಳಬಹುದು. ತಲೆಗೆ ಕೊಡುವ ದರ ಚಿಕ್ಕದಿರುತ್ತದೆ, ಅದಕ್ಕೆ ಹೆದರಬೇಡಿ. ಸಕ್ರಿಯ ಬಳಕೆದಾರರಿಗೆ ಮಾತ್ರ ಹಣ ಎನ್ನುತ್ತಾರೆ. ಆಗ ಸಕ್ರಿಯ ಎಂದರೆ ತಿಂಗಳಿಗೆ ಎಷ್ಟು ನಿಮಿಷ ಎಂದು ಕರಾರಿನಲ್ಲಿ ಬರೆಸಿ, ತ್ರೈಮಾಸಿಕ ಕನಿಷ್ಠ ಖಾತರಿ ಮೊತ್ತವನ್ನು ಮುಂಗಡ ಕೇಳಿ, ಯಾವ ಕಾರ್ಯಕ್ರಮ ಎಷ್ಟು ಹೊತ್ತು ನೋಡಿದರೆಂಬ ವರದಿಯ ಹಕ್ಕನ್ನು ಇಟ್ಟುಕೊಳ್ಳಿ. ನಿಮ್ಮ ಒಟ್ಟು ಆದಾಯದಲ್ಲಿ ಒಬ್ಬನೇ ಪಾಲುದಾರನ ಭಾಗ ಮೂರನೇ ಒಂದನ್ನು ದಾಟದಂತೆ ನೋಡಿಕೊಳ್ಳಿ. ನಿಲ್ಲಿಸುವುದಾದರೆ 90 ದಿನಗಳ ನೋಟಿಸ್ ಇರಬೇಕು, ಆ ಅವಧಿಯಲ್ಲಿ ಅವರ ಗ್ರಾಹಕರಿಗೆ ನಿಮ್ಮ ನೇರ ಚಂದಾದ ವಿವರ ತೋರಿಸಲು ಅನುಮತಿಯೂ ಇರಬೇಕು. ಈ ಕೊನೆಯ ಸಾಲನ್ನು ಅವರು ಹೊಡೆದುಹಾಕಲು ನೋಡುತ್ತಾರೆ. ಬೇಕಿದ್ದರೆ ದರದಲ್ಲಿ ಒಂದು ರೂಪಾಯಿ ಬಿಟ್ಟುಕೊಟ್ಟಾದರೂ ಅದನ್ನು ಉಳಿಸಿಕೊಳ್ಳಿ.