ಮೂರು ಲಗ್ನಪತ್ರಿಕೆಗಳಲ್ಲಿ ಚೋಳ–ವೇಂಗಿ: ನನ್ನ ಅನುಭವ

ತರಗತಿಯಲ್ಲಿ ಚೋಳ ದೊರೆ ಕುಲೋತ್ತುಂಗನ ಪಾಠ ಮಾಡಿದವರಿಗೆಲ್ಲ ಅಲ್ಲಿನ ತೊಡಕು ಗೊತ್ತಿರುತ್ತದೆ. ರಾಜರಾಜರು ಇಬ್ಬರು, ರಾಜೇಂದ್ರರು ಮೂವರು. ಆ ಮೂವರಲ್ಲಿ ಕೊನೆಯವನೇ 1070ರಲ್ಲಿ ಚೋಳ ಸಿಂಹಾಸನವೇರಿ ಕುಲೋತ್ತುಂಗನಾದ, ಆಂಧ್ರದ ಕರಾವಳಿಯ ವೇಂಗಿ ರಾಜ್ಯದ ಚಾಲುಕ್ಯ ಕುಮಾರ. ಮೊದಲ ವರ್ಷ ಚೋಳ, ವೇಂಗಿ ಎರಡೂ ವಂಶಾವಳಿಗಳನ್ನು ಅಕ್ಕಪಕ್ಕ ಬರೆಸಿ ಸುಮಾರು 700 ರೂಪಾಯಿಯ ಫ್ಲೆಕ್ಸ್ ಮಾಡಿಸಿದೆ; ಮಕ್ಕಳು ಹೆಸರುಗಳನ್ನು ಇನ್ನಷ್ಟು ಕಲಸಿದರು. ಮರುವರ್ಷ ಹೆಸರುಗಳನ್ನು ಜೋಡಿಸುವ ಗುಂಡುಸೂಜಿ, ಬಣ್ಣದ ದಾರಗಳಿಗೆ 300 ಹೋಯಿತು. ಸಂಜೆಯೊಳಗೆ ದಾರವೆಲ್ಲ ಸಿಕ್ಕುಗಟ್ಟಿತ್ತು.

ಗಂಡುಸಂತತಿಯ ಗೆರೆ ಹಿಡಿದು ಹೋದದ್ದೇ ನನ್ನ ತಪ್ಪು. ಮೂರನೆಯ ವರ್ಷ ಮನೆಯಲ್ಲಿ ಬಿದ್ದಿದ್ದ ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಮೂರು ಮದುವೆಗಳನ್ನು ಬರೆಸಿದೆ: ಒಂದನೆಯ ರಾಜರಾಜನ ಮಗಳು ಕುಂದವ್ವೆಗೂ ವೇಂಗಿಯ ವಿಮಲಾದಿತ್ಯನಿಗೂ, ಅವರ ಮಗ ರಾಜರಾಜ ನರೇಂದ್ರನಿಗೂ ಒಂದನೆಯ ರಾಜೇಂದ್ರನ ಮಗಳು ಅಮ್ಮಂಗದೇವಿಗೂ, ಅವರ ಮಗ ಕುಲೋತ್ತುಂಗನಿಗೂ ಎರಡನೆಯ ರಾಜೇಂದ್ರನ ಮಗಳು ಮಧುರಾಂತಕಿಗೂ. ಎರಡನೆಯ ಪತ್ರಿಕೆ ಮುಗಿಯುವ ಮೊದಲೇ ಹುಡುಗಿಯೊಬ್ಬಳು, “ಸರ್, ಇವನು ಸೋದರಮಾವನ ಮಗಳನ್ನೇ ತಂದುಕೊಂಡನಲ್ಲ!” ಎಂದಳು. “ಇದು ತರಗತಿಯೋ, ಕಲ್ಯಾಣಮಂಟಪವೋ?” ಎಂದು ನಕ್ಕಿದ್ದ ಸಹೋದ್ಯೋಗಿಗಳು, 60 ಮಂದಿಯಲ್ಲಿ ಸುಮಾರು 45 ಮಂದಿ ಈ ಪಾಠದ ಪ್ರಶ್ನೆಗೆ ಸರಿಯುತ್ತರ ಬರೆದದ್ದನ್ನು ಕಂಡು ಪತ್ರಿಕೆಗಳನ್ನು ಎರವಲು ಕೇಳಿದರು. ಅದಕ್ಕೆ ಮುಂಚೆ ಆ ಸಂಖ್ಯೆ 15ನ್ನು ದಾಟಿದ ನೆನಪಿಲ್ಲ. ಮೂವರು ರಾಜೇಂದ್ರರನ್ನು ಬೇರ್ಪಡಿಸಲು ಪತ್ರಿಕೆಯ ಮೂಲೆಯಲ್ಲಿ ಹಾಕಿಸುವ ಗುರುತೊಂದಿದೆ. ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಇದೇ ಉಪಾಯವನ್ನು ರಾಷ್ಟ್ರಕೂಟರ ರೇವಕನಿಮ್ಮಡಿಗೂ ಗಂಗರ ಬೂತುಗನಿಗೂ ಆದ ಮದುವೆಯ ಮೇಲೆ ಪ್ರಯೋಗಿಸಿದೆ. ಅಲ್ಲಿ ಸಿಂಹಾಸನಗಳು ಒಂದಾಗಲಿಲ್ಲವಾದ್ದರಿಂದ ಪಾಠವೂ ಕೂಡಿಬರಲಿಲ್ಲ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಪತ್ರಿಕೆ ಚೆನ್ನಾಗಿ ಒದಗಿತು. ಅವನೂ ಚೋಳರ ಅಳಿಯನೇ, ಚೋಳ ದೊರೆ ವೀರರಾಜೇಂದ್ರನ ಮಗಳ ಗಂಡ. ಅವನು ಬೆಂಬಲಿಸಿ ಚೋಳ ಪಟ್ಟದಲ್ಲಿ ಕೂರಿಸಿದ, ವೀರರಾಜೇಂದ್ರನ ಮಗ ಅಧಿರಾಜೇಂದ್ರ ಬಹುಬೇಗ ಕೊಲೆಯಾದದ್ದರಿಂದಲೇ ಕುಲೋತ್ತುಂಗನಿಗೆ ದಾರಿಯಾಯಿತು.

ಹೀಗೆ ಒಂದಾದ ಚೋಳ–ವೇಂಗಿ ಒಕ್ಕೂಟ ಮುಂದೆ ಮುರಿದದ್ದನ್ನು ತೋರಿಸಲು ಪತ್ರಿಕೆ ಸಾಲದೆ, ವೇಂಗಿ ಎಂದು ಬರೆದ ಕುರ್ಚಿಯೊಂದನ್ನು ಇಟ್ಟೆ. ಅದರಲ್ಲಿ ಮೊದಲು ಕುಲೋತ್ತುಂಗನ ಚಿಕ್ಕಪ್ಪ ವಿಜಯಾದಿತ್ಯ. ಅವನು ತೀರಿಕೊಂಡ ಮೇಲೆ ಒಬ್ಬೊಬ್ಬರಾಗಿ ಕುಲೋತ್ತುಂಗನ ಮಕ್ಕಳು. ತಂದೆತಾಯಿಯರ ಬಳಿ ಇರುವುದೇ ಮೇಲೆಂದು ಅವರಲ್ಲೊಬ್ಬ ಒಂದೇ ವರ್ಷಕ್ಕೆ ಹಿಂತಿರುಗಿದ್ದನ್ನು ಕೇಳಿ ಹಾಸ್ಟೆಲಿನ ಹುಡುಗರು ನಕ್ಕರು. 1118ರಲ್ಲಿ ಅವರಲ್ಲೇ ಒಬ್ಬನಾದ ವಿಕ್ರಮ ಚೋಳ ಎದ್ದು ಚೋಳನಾಡಿಗೆ ಹೊರಟ ಕೂಡಲೇ ಖಾಲಿ ಕುರ್ಚಿಯಲ್ಲಿ ವಿಕ್ರಮಾದಿತ್ಯನ ದಂಡನಾಯಕ ಅನಂತಪಾಲನನ್ನು ಕೂರಿಸಿದೆ; ವಿವರಣೆಯೇ ಬೇಕಾಗಲಿಲ್ಲ. 1126ರಲ್ಲಿ ವಿಕ್ರಮಾದಿತ್ಯ ತೀರಿಕೊಂಡ ಮೇಲೆ ವಿಕ್ರಮ ಚೋಳ ವೇಂಗಿಯನ್ನು ಮರಳಿ ಪಡೆದದ್ದಕ್ಕೆ ಮಾತ್ರ ನನ್ನಲ್ಲಿ ಇನ್ನೂ ಉಪಾಯವಿಲ್ಲ. ಆ ಪ್ರಶ್ನೆ ಬಂದರೆ ಅರ್ಧ ತರಗತಿ ಈಗಲೂ ಅನಂತಪಾಲನ ಹೆಸರನ್ನೇ ಬರೆದಿಡುತ್ತದೆ.