ಎಡಗಿವಿಯ ಪರವಾಗಿ ಬಲಗಿವಿ ಉತ್ತರ ಕೊಟ್ಟ ದಿನ

ಆಡಿಯಾಲಜಿಸ್ಟ್ ಆಗಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸುವ ಕೆಲಸಕ್ಕೆ, ಸೇರಿದ ಎರಡನೇ ವರ್ಷ ನಾನು ಒಬ್ಬ ಹುಡುಗನ ಆಡಿಯೋಗ್ರಾಮ್, ಅಂದರೆ ಕಿವಿ ಪರೀಕ್ಷೆಯ ಗ್ರಾಫ್, ತಪ್ಪಾಗಿ ಬರೆದೆ. ಯಂತ್ರ ಸರಿಯಾಗಿತ್ತು. ಕೋಣೆಯಲ್ಲಿ ಸದ್ದಿರಲಿಲ್ಲ. ಹುಡುಗನೂ ಪೂರ್ತಿ ಗಮನ ಕೊಟ್ಟು ಕೂತಿದ್ದ. ತಪ್ಪಿದ್ದು ನಾನು. ಅದು ಹೇಗಾಯಿತು, ಈಗ ಹಾಗಾಗದಂತೆ ಏನು ಮಾಡುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸ ಕಲಿಯುತ್ತಿರುವವರಿಗೆ ಇದು ಬೇಕು. ಮಗುವಿನ ಕಿವಿ ಪರೀಕ್ಷೆಯ ಗ್ರಾಫ್ ಕೈಯಲ್ಲಿ ಹಿಡಿದು, ಏನೂ ಅರ್ಥವಾಗದೆ ಕೂತಿರುವ ಅಪ್ಪ ಅಮ್ಮಂದಿರಿಗೂ ಬೇಕು.

ಹುಡುಗನಿಗೆ 9 ವರ್ಷ. ಮಾತು ಸ್ಪಷ್ಟ, ಓದಿನಲ್ಲೂ ಮುಂದು. ಫೋನ್ ಮಾತ್ರ ಯಾವಾಗಲೂ ಬಲಗಿವಿಗೇ ಹಿಡಿಯುತ್ತಾನೆ ಅಂತ ಅವನ ಅಮ್ಮ ಗಮನಿಸಿದ್ದರು. "ಕರೆದ್ರೆ ಓ ಅಂತಾನೆ ಡಾಕ್ಟ್ರೇ, ಆದ್ರೆ ಎಲ್ಲಿಂದ ಕರೀತಿದ್ದೀವಿ ಅಂತ ಗೊತ್ತಾಗ್ದೆ ಸುತ್ತ ನೋಡ್ತಾನೆ" ಅಂದರು. ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು. ಶಬ್ದ ಯಾವ ಕಡೆಯಿಂದ ಬಂತು ಅಂತ ತಿಳಿಯಲು ಮಿದುಳಿಗೆ ಎರಡೂ ಕಿವಿ ಬೇಕು. ಶಬ್ದ ಯಾವ ಕಿವಿಗೆ ಮೊದಲು ಮುಟ್ಟಿತು, ಯಾವ ಕಿವಿಗೆ ಜೋರಾಗಿ ಮುಟ್ಟಿತು ಅನ್ನೋದನ್ನು ಅದು ಹೋಲಿಸಿ ನೋಡುತ್ತದೆ. ನಾನು ಆ ಮಾತನ್ನು ಬರೆದುಕೊಂಡೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ.

ಕಿವಿಯೊಳಗೆ ನೋಡಿದೆ. ಗುಗ್ಗೆ ಇಲ್ಲ, ತಮಟೆ ಎರಡೂ ಕಡೆ ಹೊಳೆಯುತ್ತಿತ್ತು. ಹೆಡ್‌ಫೋನ್ ಹಾಕಿ ಪರೀಕ್ಷೆ ಶುರು ಮಾಡಿದೆ. ಮೊದಲು ಚೆನ್ನಾಗಿ ಕೇಳುವ ಕಿವಿ, ಮೊದಲು 1000 ಹರ್ಟ್ಜ್. ಹರ್ಟ್ಜ್ ಅಂದರೆ ಶಬ್ದ ಎಷ್ಟು ದಪ್ಪ, ಎಷ್ಟು ಕೀಚು ಅನ್ನುವ ಅಳತೆ, ಡೆಸಿಬಲ್ ಅಂದರೆ ಎಷ್ಟು ಜೋರು ಅನ್ನುವ ಅಳತೆ. ಕೇಳಿತು ಅಂದರೆ 10 ಡೆಸಿಬಲ್ ಇಳಿಸುವುದು, ಕೇಳಲಿಲ್ಲ ಅಂದರೆ 5 ಏರಿಸುವುದು. ಹೀಗೆ ಏರಿಸುತ್ತಾ ಹೋಗುವಾಗ ಮೂರರಲ್ಲಿ ಎರಡು ಸಲವಾದರೂ ಒಂದೇ ಮಟ್ಟದಲ್ಲಿ ಉತ್ತರ ಬಂದರೆ, ಆ ಕಿವಿ ಹಿಡಿಯುವ ಅತಿ ಸಣ್ಣ ಶಬ್ದ ಅದು. ಆಮೇಲೆ 2000, 4000, 8000. ಮತ್ತೆ 1000ಕ್ಕೆ ಬಂದು ಮೊದಲ ಉತ್ತರ ನಿಜವೇ ಅಂತ ನೋಡಿ, ಕೊನೆಗೆ 500 ಮತ್ತು 250. ಬಲಗಿವಿ ಎಲ್ಲ ಕಡೆ 5ರಿಂದ 10 ಡೆಸಿಬಲ್ ಒಳಗೇ ಬಂತು. ಎಡಗಿವಿ 55, 60ರ ಆಸುಪಾಸು ನಿಂತಿತು.

ಆಮೇಲೆ ಕಿವಿಯ ಹಿಂದಿನ ಮೂಳೆಗೆ ಕಂಪಕ ಇಟ್ಟು ಪರೀಕ್ಷಿಸಿದೆ. ಇದು ಹೊರಗಿವಿ, ನಡುಗಿವಿಯನ್ನು ಬದಿಗಿಟ್ಟು ಶಬ್ದವನ್ನು ನೇರವಾಗಿ ಒಳಗಿವಿಗೆ ಮುಟ್ಟಿಸುವ ದಾರಿ. ಎಡಗಡೆ ಇಟ್ಟಾಗ ಉತ್ತರ 5, 10ರಲ್ಲೇ ಬಂತು. ನನಗೆ ಖುಷಿಯಾಯಿತು. ಹೆಡ್‌ಫೋನ್‌ನಲ್ಲಿ, ಅಂದರೆ ಗಾಳಿಯ ದಾರಿಯಲ್ಲಿ 55, ಮೂಳೆಯ ದಾರಿಯಲ್ಲಿ 5. ಅಂದರೆ ಒಳಗಿವಿ ಚೆನ್ನಾಗಿದೆ, ಶಬ್ದ ಮಧ್ಯದಲ್ಲೆಲ್ಲೋ ತಡೆದಿದೆ ಅಂದುಕೊಂಡೆ. ಇಂಥ ದೋಷವನ್ನು ಎಷ್ಟೋ ಸಲ ಔಷಧಿಯಿಂದಲೋ ಆಪರೇಷನ್‌ನಿಂದಲೋ ಸರಿಪಡಿಸಬಹುದು. ಅಮ್ಮನಿಗೂ ಹಾಗೇ ಹೇಳಿಬಿಟ್ಟೆ. ಆ ಮಾತು ಈಗಲೂ ನನಗೆ ಚುಚ್ಚುತ್ತದೆ.

ಕಿವಿ, ಮೂಗು, ಗಂಟಲು ವಿಭಾಗದ ವೈದ್ಯರು ಅರ್ಧ ಗಂಟೆಯಲ್ಲಿ ಹುಡುಗನನ್ನು ವಾಪಸ್ ಕರೆದುಕೊಂಡು ಬಂದರು. ಕೈಯಲ್ಲಿ 512 ಹರ್ಟ್ಜ್ ಟ್ಯೂನಿಂಗ್ ಫೋರ್ಕ್, ಅಂದರೆ ಬಡಿದರೆ ಒಂದೇ ಸ್ವರದಲ್ಲಿ ಕಂಪಿಸುವ ಲೋಹದ ಕವಲು, ಇತ್ತು. "ವೆಬರ್ ಬಲಗಡೆ ಹೋಗ್ತಿದೆ. ನಿಮ್ಮ ಗ್ರಾಫ್ ನಿಜವಾದ್ರೆ ಎಡಗಡೆ ಬರ್ಬೇಕಿತ್ತು, ಅಲ್ವಾ?" ಅಂದರು. ಬೈಯಲಿಲ್ಲ. "ಇನ್ನೊಂದ್ಸಲ ನೋಡಿ" ಅಂದರು, ಅಷ್ಟೇ.

ವೆಬರ್ ಪರೀಕ್ಷೆ 19ನೇ ಶತಮಾನದ್ದು. ಕಂಪಿಸುವ ಫೋರ್ಕ್‌ನ ಬುಡವನ್ನು ಹಣೆಯ ನಡುವೆ ಇಟ್ಟು, ಶಬ್ದ ಯಾವ ಕಡೆ ಕೇಳುತ್ತೆ ಅಂತ ಕೇಳುವುದು. ನೀವೂ ಮನೆಯಲ್ಲಿ ಇದರ ಗುಟ್ಟು ನೋಡಬಹುದು. ಬಾಯಿ ಮುಚ್ಚಿ ಹೂಂ ಅಂತ ಗುನುಗಿ, ಬೆರಳಿನಿಂದ ಒಂದು ಕಿವಿ ಮುಚ್ಚಿಕೊಳ್ಳಿ. ಶಬ್ದ ಮುಚ್ಚಿದ ಕಿವಿಯ ಕಡೆಗೇ ವಾಲುತ್ತದೆ. ಹೊರಗಿವಿಯಲ್ಲೋ ನಡುಗಿವಿಯಲ್ಲೋ ತಡೆ ಇದ್ದಾಗ ಆಗುವುದೂ ಇದೇ. ಮೂಳೆಯಲ್ಲಿ ಬಂದ ಶಬ್ದ ತೊಂದರೆ ಇರುವ ಕಿವಿಯ ಕಡೆ ಹೋಗುತ್ತದೆ. ಒಳಗಿವಿಯೋ ನರವೋ ಹಾಳಾಗಿದ್ದರೆ ಮಾತ್ರ ಅದು ಒಳ್ಳೆಯ ಕಿವಿಯ ಕಡೆ ಹೋಗುತ್ತದೆ.

ಹಾಗಾದರೆ ಎಡಗಿವಿ 5 ಡೆಸಿಬಲ್‌ಗೆ ಉತ್ತರ ಕೊಟ್ಟಿದ್ದು ಹೇಗೆ? ಕೊಟ್ಟಿರಲೇ ಇಲ್ಲ. ಎಲ್ಲ ಉತ್ತರ ಬಲಗಿವಿಯದು.

ತಲೆಬುರುಡೆ ಒಂದೇ. ಎಡಗಡೆಯ ಮೂಳೆಗೆ ಕಂಪಕ ಇಟ್ಟರೆ ಬಲಗಡೆಯ ಒಳಗಿವಿಯೂ ಹೆಚ್ಚುಕಡಿಮೆ ಅಷ್ಟೇ ಜೋರಾಗಿ ಕಂಪಿಸುತ್ತದೆ. ಹೆಡ್‌ಫೋನ್ ಕೂಡ ಪೂರ್ತಿ ಬೇರ್ಪಡಿಸುವುದಿಲ್ಲ. ಕಿವಿಯ ಮೇಲೆ ಕೂರುವ ಹೆಡ್‌ಫೋನ್‌ನಲ್ಲಿ 40 ಡೆಸಿಬಲ್ ದಾಟಿದರೆ ಶಬ್ದ ಆಚೆ ಕಿವಿಗೆ ಮುಟ್ಟಬಹುದು ಅಂತ ಲೆಕ್ಕ ಇಟ್ಟುಕೊಳ್ಳಬೇಕು. ಪೂರ್ತಿ ಕಿವುಡಾದ ಕಿವಿಯೂ ಹೀಗೆ ಪಕ್ಕದ ಕಿವಿಯ ಸಹಾಯದಿಂದ ಒಂದು ಅಂದವಾದ ಗ್ರಾಫ್ ಕೊಡುತ್ತದೆ. ಇದಕ್ಕೆ ನೆರಳು ಗ್ರಾಫ್ ಅನ್ನುತ್ತೇವೆ. ಅದು ಥೇಟ್ ನಡುಗಿವಿಯ ತೊಂದರೆಯ ಹಾಗೇ ಕಾಣುತ್ತದೆ. ಅಪಾಯ ಇರುವುದು ಅಲ್ಲೇ. ಈ ಗ್ರಾಫ್ ನಂಬಿ ಯಾರಾದರೂ ನಡುಗಿವಿ ತೆರೆದು ನೋಡೋಣ ಅಂದಿದ್ದರೆ?

ಇದನ್ನು ತಡೆಯಲು ಮಾಸ್ಕಿಂಗ್ ಇದೆ, ಅಂದರೆ ಒಳ್ಳೆಯ ಕಿವಿಗೆ ಬೇರೆ ಸದ್ದು ಕೊಟ್ಟು, ಅದು ಪಕ್ಕದ ಕಿವಿಯ ಪರವಾಗಿ ಉತ್ತರ ಕೊಡದ ಹಾಗೆ ಮಾಡುವುದು. ಓದುವಾಗ ಕಲಿತಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆ ದಿನ ಮಗು ಸುಸ್ತಾಗಿದೆ ಅಂತ ಬಿಟ್ಟಿದ್ದೆ.

ಮತ್ತೆ ಕೂರಿಸಿದೆ. "ಬಲಗಿವಿಯಲ್ಲಿ ಭರ್ ಅಂತ ಗಾಳಿ ಬೀಸಿದ ಹಾಗೆ ಸದ್ದು ಬರುತ್ತೆ ಪುಟ್ಟಾ. ಅದನ್ನ ಅದರ ಪಾಡಿಗೆ ಬಿಡು. ಟೂ ಟೂ ಅನ್ನೋ ಸದ್ದು ಕೇಳಿದ್ರೆ ಮಾತ್ರ ಗುಂಡಿ ಒತ್ತು" ಅಂದೆ. ಬಲಗಿವಿಗೆ ಅದು ಹಿಡಿಯುವ ಮಟ್ಟಕ್ಕಿಂತ 10 ಡೆಸಿಬಲ್ ಜಾಸ್ತಿ ಭರ್ ಶಬ್ದ ಕೊಟ್ಟೆ. ಎಡಗಿವಿಯ ಉತ್ತರ ನಿಂತುಹೋಯಿತು. ಟೋನ್ 5 ಏರಿಸಿದೆ, ಕೇಳಿತು. ಭರ್ ಶಬ್ದ ಏರಿಸಿದೆ, ಮತ್ತೆ ನಿಂತಿತು. ಎಡಗಿವಿ ನಿಜವಾಗಿ ಕೇಳುತ್ತಿದ್ದರೆ ಒಂದು ಹಂತದಲ್ಲಿ ಉತ್ತರ ಗಟ್ಟಿಯಾಗಿ ನಿಲ್ಲಬೇಕು. ಬಲಗಡೆ ಸದ್ದು ಇನ್ನಷ್ಟು ಏರಿಸಿದರೂ ಅಲುಗಬಾರದು. ಸತತ ಮೂರು ಸಲ ಸದ್ದು ಏರಿಸಿಯೂ ಅಲುಗದಿದ್ದರೆ ಅದು ಆ ಕಿವಿಯ ಸ್ವಂತ ಉತ್ತರ ಅಂತ ನಾನು ಒಪ್ಪುತ್ತೇನೆ. ಈ ಹುಡುಗನಲ್ಲಿ ಅಂಥ ನಿಲುಗಡೆ ಬರಲೇ ಇಲ್ಲ. ಎರಡೂ ಏಣಿ ಹತ್ತಿದ ಹಾಗೆ ಒಟ್ಟಿಗೆ ಮೇಲೆ ಹೋದವು. ಕೊನೆಗೆ ಟೋನ್ ಯಂತ್ರದ ಮಿತಿ ಮುಟ್ಟಿತು, ಗುಂಡಿ ಒತ್ತಲಿಲ್ಲ. 250 ಮತ್ತು 500ರಲ್ಲಿ ಮಾತ್ರ ತುಂಬಾ ಜೋರು ಮಾಡಿದಾಗ ಒತ್ತಿದ. "ಕೇಳಿಸ್ತಾ?" ಅಂದೆ. "ಇಲ್ಲ, ಜುಮ್ ಅಂತು" ಅಂದ. ಅದು ಕೇಳಿದ್ದಲ್ಲ, ಚರ್ಮಕ್ಕೆ ತಾಗಿದ್ದು. ಮಕ್ಕಳು ಇಷ್ಟು ಸರಿಯಾಗಿ ಹೇಳುತ್ತಾರೆ, ನಾವು ಕೇಳಬೇಕು ಅಷ್ಟೇ.

ಟಿಂಪನೋಮೆಟ್ರಿ ಕೂಡ ಮಾಡಿದೆ. ಕಿವಿಯೊಳಗಿನ ಒತ್ತಡವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿ ತಮಟೆ ಎಷ್ಟು ಬಳುಕುತ್ತದೆ ಅಂತ ನೋಡುವ ಪರೀಕ್ಷೆ ಇದು. ಎರಡೂ ಕಡೆ ಸರಿಯಾಗಿತ್ತು. ಬಲಗಿವಿಗೆ ಜೋರು ಶಬ್ದ ಕೊಟ್ಟಾಗ ಎಡಗಿವಿಯ ಪುಟ್ಟ ಸ್ನಾಯು ಸೆಟೆದುಕೊಳ್ಳುವುದೂ ಕಂಡಿತು. ನಡುಗಿವಿಯಲ್ಲಿ ತಡೆ ಇದ್ದಿದ್ದರೆ ಅದು ಕಾಣುತ್ತಿರಲಿಲ್ಲ. ಎಡಗಿವಿಗೆ ಶಬ್ದ ಕೊಟ್ಟಾಗ ಯಾವ ಕಡೆಯೂ ಏನೂ ಆಗಲಿಲ್ಲ. ನಡುಗಿವಿ ಕೆಲಸ ಮಾಡುತ್ತಿದೆ, ಶಬ್ದ ಮಾತ್ರ ಒಳಗೆ ಹೋಗುತ್ತಿಲ್ಲ. ಈ ಸುಳಿವು ಮೊದಲೇ ನನ್ನ ಕೈಗೆ ಸಿಗಬಹುದಿತ್ತು. ಹಾಗಾಗಿ ಈಗ ನಾನು ಎರಡು ಕಿವಿಯಲ್ಲಿ ಜಾಸ್ತಿ ವ್ಯತ್ಯಾಸ ಕಂಡ ತಕ್ಷಣ, ಗ್ರಾಫ್ ಮುಗಿಸುವ ಮೊದಲೇ ಈ ಪರೀಕ್ಷೆ ಮಾಡಿಬಿಡುತ್ತೇನೆ. ಟ್ಯೂನಿಂಗ್ ಫೋರ್ಕ್ ನನ್ನ ಮೇಜಿನ ಮೇಲೂ ಇರುತ್ತದೆ.

ಅಮ್ಮನ ಹತ್ತಿರ ಕೂತು ನನ್ನ ಮೊದಲ ಗ್ರಾಫ್ ತಪ್ಪು ಅಂತ ಹೇಳಿದೆ. ಯಾಕೆ ತಪ್ಪಾಯಿತು ಅಂತಲೂ ಹೇಳಿದೆ. ಅವರು ಅತ್ತರು. ಆಮೇಲೆ, ಹುಡುಗನಿಗೆ 4 ವರ್ಷ ಇದ್ದಾಗ ಮಂಪ್ಸ್, ಅಂದರೆ ಮಂಗನಬಾವು ಬಂದಿದ್ದು ನೆನಪಿಸಿಕೊಂಡರು. ಮಂಪ್ಸ್‌ನಿಂದ ಒಳಗಿವಿ ಹಾಳಾಗುವುದುಂಟು. ಹೆಚ್ಚಾಗಿ ಒಂದೇ ಕಿವಿ, ಒಮ್ಮೆಲೇ ಹೋಗುತ್ತದೆ, ಮತ್ತು ಸಾಮಾನ್ಯವಾಗಿ ಮರಳುವುದಿಲ್ಲ. ಚಿಕ್ಕ ಮಗು ಅದನ್ನು ಹೇಳುವುದೂ ಇಲ್ಲ. ಇನ್ನೊಂದು ಕಿವಿಯಿಂದ ಮಾತು ಕಲಿಯುತ್ತದೆ, ಮನೆಯವರಿಗೆ ಗೊತ್ತಾಗುವುದೇ ಇಲ್ಲ. "ಹುಟ್ಟಿದಾಗ ಪರೀಕ್ಷೆ ಮಾಡಿದ್ರು, ಎರಡೂ ಕಿವಿ ಪಾಸ್ ಅಂದಿದ್ರು" ಅಂತ ಅವರು ಕೇಳಿದರು. ಆ ದಿನದ ಮಟ್ಟಿಗೆ ಅದು ನಿಜವೇ. ಆಮೇಲೆ ಬರುವ ತೊಂದರೆಯನ್ನು ಆ ಪರೀಕ್ಷೆ ಹೇಳಲಾರದು. ಮಂಪ್ಸ್‌ಗೆ ಲಸಿಕೆ ಇದೆ, ದಯವಿಟ್ಟು ತಪ್ಪಿಸಬೇಡಿ. ಕಾರಣ ಅದೇ ಅಂತ ನಾವು ತೀರ್ಮಾನಿಸಿಬಿಡಲಿಲ್ಲ. ಒಳಗಿವಿಯ ರಚನೆ ಮತ್ತು ನರ ನೋಡಲು ವೈದ್ಯರು ಸ್ಕ್ಯಾನ್ ಮಾಡಿಸಿದರು. ಎರಡೂ ಸರಿಯಾಗಿದ್ದವು.

ಮುಂದೇನು? ಅಂಥ ಕಿವಿಗೆ ಸಾಮಾನ್ಯ ಹಿಯರಿಂಗ್ ಏಡ್ ಹಾಕಿ ಪ್ರಯೋಜನವಿಲ್ಲ. ಶಬ್ದ ಎಷ್ಟು ಜೋರು ಮಾಡಿದರೂ ಹಿಡಿಯುವವರು ಒಳಗಿಲ್ಲ. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಗಿವಿಯಲ್ಲಿ ಇಟ್ಟು ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕೊಡುವ ಸಾಧನದ ಬಗ್ಗೆ ಮಾತಾಡಿದೆವು. ಸತ್ತ ಕಿವಿಗೆ ನಿಜವಾಗಿ ಕೇಳುವ ಅವಕಾಶ ಕೊಡುವುದು ಅದೊಂದೇ. ಆದರೆ ಕಿವುಡಾಗಿ ವರ್ಷಗಳು ಕಳೆದಷ್ಟೂ ಫಲ ಕಡಿಮೆಯಾಗಬಹುದು. ಮನೆಯವರು ಯೋಚಿಸಲು ಸಮಯ ಕೇಳಿದರು. ಅಷ್ಟರಲ್ಲಿ ಕ್ರಾಸ್ ಸಾಧನ ಹಾಕಿ ನೋಡೋಣ ಅಂದೆ. ಎಡಗಿವಿಯ ಮೇಲಿನ ಮೈಕ್ ಆ ಕಡೆಯ ಮಾತು ಹಿಡಿದು ತಂತಿಯಿಲ್ಲದೆ ಬಲಗಿವಿಗೆ ಕಳಿಸುತ್ತದೆ. ತರಗತಿಯಲ್ಲಿ ಬಲಗಿವಿ ಟೀಚರ್ ಕಡೆ ಇರುವ ಹಾಗೆ, ಮುಂದಿನ ಸಾಲಿನಲ್ಲಿ ಎಡ ಪಕ್ಕಕ್ಕೆ ಕೂರಿಸಲು ಶಾಲೆಗೆ ಪತ್ರ ಬರೆದೆ. ಒಳ್ಳೆಯ ಕಿವಿಯನ್ನು ಕಾಪಾಡುವುದು ಇನ್ನೂ ಮುಖ್ಯ. ಬಲಗಿವಿ ದಿಢೀರ್ ಮಂದವಾದರೆ ಶೀತ ಇರಬಹುದು ಅಂತ ಕಾಯಬೇಡಿ, ಅವತ್ತೇ ಬನ್ನಿ ಅಂತ ಎರಡು ಸಲ ಹೇಳಿದೆ. ಒಳಗಿವಿ ಹಾಗೆ ಒಮ್ಮೆಲೇ ಕೈಕೊಟ್ಟಾಗ ಕೊಡುವ ಸ್ಟೀರಾಯ್ಡ್ ಔಷಧಿಗೆ ಮೊದಲ ದಿನಗಳೇ ಬೆಲೆಯುಳ್ಳವು. ಇದು ದೊಡ್ಡವರಿಗೂ ಅನ್ವಯಿಸುತ್ತದೆ.

ನೀವು ಪರೀಕ್ಷೆ ಮಾಡಿಸಿದ ಗ್ರಾಫ್ ಹತ್ತಿರ ಇದ್ದರೆ ನೋಡಿ. ಗಾಳಿಯ ದಾರಿಯ ಪರೀಕ್ಷೆಯಲ್ಲಿ ಬಲಗಿವಿಗೆ ಕೆಂಪು ವೃತ್ತ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಮಾಸ್ಕಿಂಗ್ ಮಾಡಿದ್ದರೆ ಬಲಗಿವಿಗೆ ತ್ರಿಕೋನ, ಎಡಗಿವಿಗೆ ಚೌಕ. ಎರಡು ಕಿವಿಯ ಗೆರೆಗಳ ನಡುವೆ 40 ಡೆಸಿಬಲ್‌ಗಿಂತ ಜಾಸ್ತಿ ಅಂತರ ಇದ್ದು, ತ್ರಿಕೋನವಾಗಲಿ ಚೌಕವಾಗಲಿ ಇಲ್ಲದಿದ್ದರೆ, ಮಾಸ್ಕಿಂಗ್ ಮಾಡಿದ್ದೀರಾ ಅಂತ ಕೇಳಿ. ಕೇಳಲು ಸಂಕೋಚ ಬೇಡ. ಅವತ್ತು ಆ ಅಮ್ಮ ನನ್ನನ್ನು ಹಾಗೆ ಕೇಳಿದ್ದರೆ ನಾನು ಕುರ್ಚಿಯಿಂದ ಎದ್ದು ಮತ್ತೆ ಪರೀಕ್ಷೆ ಮಾಡುತ್ತಿದ್ದೆ.

ಮೂರು ತಿಂಗಳಾದ ಮೇಲೆ ಹುಡುಗ ಬಂದ. ಸಾಧನ ಹೇಗಿದೆ ಅಂತ ಕೇಳಿದೆ. "ಎಡಗಡೆ ಕೂತೋನು ಹೇಳೋದು ಈಗ ಕೇಳುತ್ತೆ. ಆದ್ರೆ ಎಲ್ಲಾ ಬಲಗಡೆಯಿಂದಲೇ ಬಂದ ಹಾಗಿರುತ್ತೆ" ಅಂದ. ಕ್ರಾಸ್ ಸಾಧನ ಮಾಡುವುದೂ ಅಷ್ಟೇ, ಅದು ದಿಕ್ಕು ತಿಳಿಸಲಾರದು. ಅವನ ಮಾತನ್ನು ಅವನು ಹೇಳಿದ ಹಾಗೇ ಫೈಲಿನಲ್ಲಿ ಬರೆದೆ. ಆಮೇಲೆ ಅವನ ಅಪ್ಪ ಅಮ್ಮನನ್ನು ಒಳಗೆ ಕರೆದು, ಇಂಪ್ಲಾಂಟ್ ಬಗ್ಗೆ ಮತ್ತೆ ಮೊದಲಿನಿಂದ ಮಾತಾಡಲು ಶುರು ಮಾಡಿದೆ.