ಕೊಟ್ಟ ಖನಿಜ ಮೂಳೆಗೆ ಸೇರಲಿಲ್ಲ

ತಾಯಿಹಾಲು ಬಿಡಿಸಿ ಎರಡು ತಿಂಗಳಾಗಿದ್ದ ಕುರಿಮರಿಗಳು. ಮೇವಿಗೆ ಬಾಯಿ ಹಾಕಿ ಅರ್ಧಕ್ಕೇ ತಲೆ ಎತ್ತುತ್ತಿದ್ದವು. ಹಿಕ್ಕೆ ಉಂಡೆ ಕಟ್ಟದೆ ಸಡಿಲವಾಗಿ ಹಿಂಗಾಲಿನ ಉಣ್ಣೆಗೆ ಮೆತ್ತಿಕೊಳ್ಳುತ್ತಿತ್ತು. ಒಂದು ಮರಿಯಂತೂ ಎಲ್ಲಿಂದಲೋ ಹಳೆಯ ಮೂಳೆಯ ಚೂರೊಂದನ್ನು ಹೆಕ್ಕಿಕೊಂಡು ಬೇಲಿಯ ಮೂಲೆಯಲ್ಲಿ ನಿಂತು ಕಟಕಟ ಅಗಿಯುತ್ತಿತ್ತು. ಹತ್ತಿರ ಹೋದರೂ ಬಿಡಲಿಲ್ಲ. ಬಾಯಿಗೆ ಬೆರಳು ಹಾಕಿ ತೆಗೆಯಬೇಕಾಯಿತು.

ಮೂಳೆ ಅಗಿಯುವುದು ರಂಜಕದ (ಫಾಸ್ಫರಸ್) ಕೊರತೆಯ ಲಕ್ಷಣ ಎಂದು ನನಗೆ ಗೊತ್ತಿತ್ತು. ಖನಿಜ ಮಿಶ್ರಣದ ಪ್ರಮಾಣ ಹೆಚ್ಚಿಸಿ ಆರು ವಾರ ಕಾದೆ. ತೂಕ ಏರಲಿಲ್ಲ. ಜಂತುಹುಳುವಿನ ಅನುಮಾನ ಬಂದಿತ್ತು, ನಿಜ. ಕೆಳರೆಪ್ಪೆ ಬಿಡಿಸಿ ನೋಡಿದ್ದೆ. ಒಳಪೊರೆ ಕೆಂಪಗಿತ್ತು. ದವಡೆಯ ಕೆಳಗೆ ನೀರಿನ ಊತವೂ ಇರಲಿಲ್ಲ. ಹುಳುವಿಲ್ಲ ಎಂದು ತೀರ್ಮಾನಿಸಿದೆ. ಅಲ್ಲೇ ತಪ್ಪಿದ್ದು. ರೆಪ್ಪೆ ಬಿಳಿಚುವುದು ರಕ್ತ ಹೀರುವ ಹೀಮಾಂಕಸ್ ಎಂಬ ಹುಳು ಇದ್ದಾಗ. ಸಣ್ಣ ಕರುಳಿನಲ್ಲಿ ನೆಲೆಸುವ ಕೂದಲೆಳೆಯಂಥ ಟ್ರೈಕೋಸ್ಟ್ರಾಂಗೈಲಸ್ ರಕ್ತ ಹೀರಿ ಬದುಕುವ ಹುಳುವಲ್ಲ.

ಒಂದು ಮರಿ ಸತ್ತಾಗ ಪಶುವೈದ್ಯರು ಅದನ್ನು ಕೊಯ್ದು ತೋರಿಸಿದರು. ಪಕ್ಕೆಲುಬೊಂದನ್ನು ನನ್ನ ಕೈಗೆ ಕೊಟ್ಟರು. ಎರಡು ಬೆರಳಿನ ಒತ್ತಡಕ್ಕೇ ಅದು ಮುರಿಯಿತು. ಕರುಳಿನ ಆರಂಭದ ಭಾಗವನ್ನು ಸೀಳಿದಾಗ ಒಳಪದರ ಕೆಂಪಾಗಿ ಊದಿಕೊಂಡಿತ್ತು. ಬರಿಗಣ್ಣಿಗೆ ಹುಳು ಕಾಣಲೇ ಇಲ್ಲ. ಒಳಪದರವನ್ನು ಕೆರೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಕಂಡವು, ರಾಶಿರಾಶಿಯಾಗಿ.

ಅಂದು ಅವರು ವಿವರಿಸಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಆಹಾರದ ಸಾರವನ್ನು ಒಳಗೆ ಎಳೆದುಕೊಳ್ಳುವುದು ಕರುಳಿನ ಒಳಗೋಡೆಯ ಬೆರಳಿನಂಥ ಎಳೆಗಳು. ಹುಳುಗಳು ಅಲ್ಲಿ ಸುರಂಗ ಕೊರೆದಂತೆ ಆ ಎಳೆಗಳು ಮೊಂಡಾಗುತ್ತವೆ. ರಂಜಕ ಹೀರಲ್ಪಡುವುದು ಮುಖ್ಯವಾಗಿ ಅಲ್ಲಿಯೇ. ಕುರಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಅದರ ಜೊಲ್ಲಿನಲ್ಲಿ ರಂಜಕ ಧಾರಾಳವಾಗಿರುತ್ತದೆ. ಮೆಲುಕು ಹಾಕುವಾಗೆಲ್ಲ ಅದು ಹೊಟ್ಟೆಗಿಳಿದು, ಮುಂದೆ ಕರುಳಿನಲ್ಲಿ ಮತ್ತೆ ಮೈಗೆ ಸೇರಬೇಕು. ಕರುಳು ಹಾಳಾದರೆ ಮೇವಿನ ರಂಜಕದ ಜೊತೆಗೆ ಮೈಯೊಳಗಿನದ್ದೂ ಹಿಕ್ಕೆಯಲ್ಲಿ ಹೊರಟುಹೋಗುತ್ತದೆ. ಗಾಯಗೊಂಡ ಕರುಳಿನಿಂದ ಪ್ರೋಟೀನ್ ಸೋರುವುದರಿಂದ ಮೂಳೆಯ ಹಂದರಕ್ಕೂ ಪೆಟ್ಟು. ಬೆಳೆಯುವ ಮರಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದಿದೆ?

ಇನ್ನೊಂದು ಖನಿಜವಾದ ತಾಮ್ರದ ಕಥೆ ಬೇರೆ. ಕುರಿಯ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಕೊನೆಯದರಲ್ಲಿ ಬೇರೊಂದು ಜಾತಿಯ ಹುಳು ಸೇರಿಕೊಂಡರೆ ಅಲ್ಲಿನ ಆಮ್ಲ ಕುಗ್ಗುತ್ತದೆ, ತಾಮ್ರ ಸರಿಯಾಗಿ ಕರಗುವುದಿಲ್ಲ. ಹಾಗೆಂದು ಕೈತುಂಬ ತಾಮ್ರ ಕೊಡುವಂತಿಲ್ಲ. ಕುರಿಗೆ ತಾಮ್ರ ಬೇಗ ವಿಷವಾಗುತ್ತದೆ. ಯಕೃತ್ತಿನಲ್ಲಿ ಸದ್ದಿಲ್ಲದೆ ಕೂಡಿಕೊಂಡು ಒಂದು ದಿನ ಇದ್ದಕ್ಕಿದ್ದಂತೆ ಕೊಲ್ಲುತ್ತದೆ. ಪರೀಕ್ಷೆ ಇಲ್ಲದೆ ನಾನು ತಾಮ್ರ ಮುಟ್ಟುವುದಿಲ್ಲ.

ಈಗ ಮರಿ ಸೊರಗಿದರೆ ಮೊದಲು ಹಿಕ್ಕೆ ಪರೀಕ್ಷೆ, ಆಮೇಲೆ ಖನಿಜ. ಹಿಕ್ಕೆಯಲ್ಲಿ ಸಿಗುವ ಹುಳುಮೊಟ್ಟೆಯ ಎಣಿಕೆಯನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. ಹೆಣ್ಣು ಹೀಮಾಂಕಸ್ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ, ಟ್ರೈಕೋಸ್ಟ್ರಾಂಗೈಲಸ್ ಇಡುವುದು ಅದರ ಒಂದು ಸಣ್ಣ ಪಾಲು. ಎಣಿಕೆ ಕಡಿಮೆ ಬಂದರೂ ಕರುಳು ಕೆಟ್ಟಿರಬಹುದು. ಅದಕ್ಕೇ ತೂಕದ ಪುಸ್ತಕವನ್ನು ಪಕ್ಕದಲ್ಲೇ ತೆರೆದಿಟ್ಟುಕೊಳ್ಳುತ್ತೇನೆ. ಜಂತುಹುಳುವಿನ ಔಷಧ ಕುಡಿಸುವಾಗ ಪ್ರತಿ ಮರಿಯನ್ನೂ ತೂಗುತ್ತೇನೆ, ಏಕೆಂದರೆ ಅಂದಾಜಿನಲ್ಲಿ ಕಡಿಮೆ ಕುಡಿಸಿದರೆ ಗಟ್ಟಿ ಹುಳುಗಳಷ್ಟೇ ಉಳಿದು ಹೆಚ್ಚುತ್ತವೆ. ಹತ್ತರಿಂದ ಹದಿನಾಲ್ಕು ದಿನಕ್ಕೆ ಮತ್ತೆ ಹಿಕ್ಕೆ ಪರೀಕ್ಷೆ. ಮೊಟ್ಟೆ ಶೇಕಡಾ 95ರಷ್ಟಾದರೂ ಇಳಿಯದಿದ್ದರೆ ವೈದ್ಯರನ್ನು ಕೇಳಿ ಔಷಧ ಬದಲಿಸುತ್ತೇನೆ. ಕರುಳು ಚೇತರಿಸಿಕೊಳ್ಳುವ ವಾರಗಳಲ್ಲಿ ಖನಿಜದಷ್ಟೇ ಪ್ರೋಟೀನ್ ಇರುವ ಮೇವಿಗೂ ಗಮನ ಕೊಡುತ್ತೇನೆ.

ಮೂಳೆ ಅಗಿಯುತ್ತಿದ್ದ ಆ ಮರಿ ಉಳಿಯಿತು. ಕಾಲು ಮಾತ್ರ ಜೊತೆಯ ಮರಿಗಳಷ್ಟು ಉದ್ದ ಬೆಳೆಯಲಿಲ್ಲ.